ಜಠರದ ಆರಂಭಿಕ ಕ್ಯಾನ್ಸರ್: ಅರ್ಧ ಮಿಲಿಮೀಟರಿನ ಲೆಕ್ಕ

ನಿಮ್ಮ ತಂದೆಯವರ ಜಠರದಲ್ಲಿ ಆರಂಭಿಕ ಹಂತದ ಕ್ಯಾನ್ಸರ್ ಕಂಡುಬಂದಿದ್ದು, ಒಬ್ಬ ವೈದ್ಯರು ಎಂಡೋಸ್ಕೋಪಿಯಲ್ಲೇ ತೆಗೆಯಬಹುದೆಂದೂ ಇನ್ನೊಬ್ಬರು ಜಠರದ ಭಾಗವನ್ನೇ ಕತ್ತರಿಸಬೇಕೆಂದೂ ಹೇಳಿದ್ದಾರೆ, ಒಂದೇ ಕಾಯಿಲೆಗೆ ಎರಡು ಮಾತು ಹೇಗೆ ಎಂದು ಕೇಳಿದ್ದೀರಿ. ನಾನು ಪೆಥಾಲಜಿಸ್ಟ್, ತೆಗೆದ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆಯೆಂದು ಸೂಕ್ಷ್ಮದರ್ಶಕದಲ್ಲಿ ಅಳೆಯುವವನು. ವರದಿ ನೋಡದೆ ನಿಮ್ಮ ತಂದೆಯವರ ಬಗ್ಗೆ ತೀರ್ಪು ಹೇಳಲಾರೆ, ಆದರೆ ಈ ಭಿನ್ನಾಭಿಪ್ರಾಯದ ಮೂಲ ಬಹುಶಃ ಆಳದ ಅಂದಾಜಿನಲ್ಲಿದೆ.

ಜಠರದ ಗೋಡೆಯ ಒಳಮೈ ಲೋಳೆಪದರ, ಅದರ ಕೆಳಗೆ ರಕ್ತನಾಳ, ದುಗ್ಧನಾಳಗಳು (ಲಿಂಫ್ ದ್ರವ ಸಾಗಿಸುವ ನಾಳಗಳು) ದಟ್ಟವಾಗಿರುವ ಸಬ್‌ಮ್ಯೂಕೋಸಾ, ಅದರಾಚೆ ಸ್ನಾಯು. ಸ್ನಾಯುವನ್ನು ಮುಟ್ಟದ ಕ್ಯಾನ್ಸರನ್ನೆಲ್ಲ 'ಆರಂಭಿಕ' ಎಂದು ಜಪಾನಿನ ತಜ್ಞರು 1962ರಲ್ಲಿ ಹೆಸರಿಸಿದರು. ಒಂದೇ ಹೆಸರಿನಡಿ ಬಂದರೂ ಈ ಎರಡು ಪದರಗಳ ನಡುವೆ ಅಪಾಯದ ಅಂತರ ದೊಡ್ಡದು. ಟೋಕಿಯೋದ ಎರಡು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 5,265 ರೋಗಿಗಳ ವಿವರ 2000ದಲ್ಲಿ ಪ್ರಕಟವಾಯಿತು: ಗಡ್ಡೆ ಲೋಳೆಪದರದಲ್ಲೇ ನಿಂತವರಲ್ಲಿ ಶೇ. 2.2ರಷ್ಟು ಮಂದಿಗೆ ಮಾತ್ರ ಆ ನಾಳಗಳ ದಾರಿಯಲ್ಲಿರುವ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಕ್ಯಾನ್ಸರ್ ಹಬ್ಬಿತ್ತು, ಸಬ್‌ಮ್ಯೂಕೋಸಾಕ್ಕೆ ಇಳಿದವರಲ್ಲಿ ಶೇ. 17.9ರಷ್ಟು.

ಎಂಡೋಸ್ಕೋಪಿಯ ಚಾಕು ಗೋಡೆಯ ಒಳಪದರವನ್ನು ಬಿಡಿಸಿ ತೆಗೆಯಬಲ್ಲದು, ಹೊರಗಿರುವ ದುಗ್ಧಗ್ರಂಥಿಗಳನ್ನು ಮುಟ್ಟಲಾರದು. ಆದ್ದರಿಂದ ದುಗ್ಧಗ್ರಂಥಿಗೆ ಹಬ್ಬಿರುವ ಸಾಧ್ಯತೆ ತೀರಾ ಕಡಿಮೆಯಿದ್ದರೆ ಮಾತ್ರ ಆ ದಾರಿ. ಕ್ಯಾನ್ಸರ್ ಜೀವಕೋಶಗಳು ಲೋಳೆಪದರದ ಸಹಜ ಗ್ರಂಥಿಗಳ (ದುಗ್ಧಗ್ರಂಥಿಯಲ್ಲ) ರೂಪವನ್ನು ಇನ್ನೂ ಉಳಿಸಿಕೊಂಡಿದ್ದು, ಹುಣ್ಣಿಲ್ಲದೆ, ಲೋಳೆಪದರದಲ್ಲೇ ಇದ್ದರೆ ಗಡ್ಡೆ ಅಗಲವಾಗಿದ್ದರೂ ಇದು ಸಾಧ್ಯ. ಆ ರೂಪ ಕಳೆದುಕೊಂಡಿದ್ದರೆ 2 ಸೆಂಟಿಮೀಟರ್ ಮಿತಿಯಿದೆ.

ಕಷ್ಟವಿರುವುದು ಮುಂಚಿತವಾಗಿ ಆಳ ತಿಳಿಯುವುದರಲ್ಲಿ. ಬಯಾಪ್ಸಿಯಲ್ಲಿ ನಮಗೆ ಬರುವುದು ಮೇಲ್ಮೈಯ ಚಿವುಟು ಮಾತ್ರ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಕೂಡ, ಹುಣ್ಣಿನ ಕಲೆಯಿದ್ದಲ್ಲಿ, ಇಲ್ಲದ ಆಳವನ್ನು ತೋರಿಸುವುದುಂಟು. ಹೀಗಾಗಿ ಅನುಮಾನವಿದ್ದಾಗ ಗಡ್ಡೆಯನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವುದೇ ಎಷ್ಟೋ ಸಲ ನಿಜವಾದ ಪರೀಕ್ಷೆಯೂ ಆಗುತ್ತದೆ. ಆ ತುಂಡನ್ನು ಸುಮಾರು 2 ಮಿಲಿಮೀಟರ್ ಅಂತರದಲ್ಲಿ ಸೀಳಿ ನೋಡುತ್ತೇವೆ. ಸಬ್‌ಮ್ಯೂಕೋಸಾದಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇಳಿದಿದ್ದು, ಗಡ್ಡೆ 3 ಸೆಂಟಿಮೀಟರಿನೊಳಗಿದ್ದು, ಗ್ರಂಥಿರೂಪ ಉಳಿದಿದ್ದು, ಅಂಚುಗಳಲ್ಲಾಗಲಿ ನಾಳಗಳೊಳಗಾಗಲಿ ಕ್ಯಾನ್ಸರ್ ಇಲ್ಲದಿದ್ದರೆ ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲಿಸಬಹುದು. ಅದನ್ನು ಮೀರಿ ಇಳಿದಿದ್ದರೆ ದುಗ್ಧಗ್ರಂಥಿಗಳ ಸಮೇತ ಜಠರದ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ತೀರಾ ವಯಸ್ಸಾದವರಲ್ಲಿ, ಹೃದಯದ ತೊಂದರೆಯಿರುವವರಲ್ಲಿ ಆ ನಿರ್ಧಾರ ಇನ್ನಷ್ಟು ತೂಗಿ ನೋಡಬೇಕಾದದ್ದು.

ಇಬ್ಬರು ವೈದ್ಯರನ್ನೂ ಮೂರು ಪ್ರಶ್ನೆ ಕೇಳಿ: ಆಳ ಎಷ್ಟೆಂದು ಯಾವ ಆಧಾರದಲ್ಲಿ ಹೇಳುತ್ತಿದ್ದೀರಿ, ಹುಣ್ಣು ಇದೆಯೇ, ಜೀವಕೋಶದ ಬಗೆ ಯಾವುದು? ಎಂಡೋಸ್ಕೋಪಿಯಲ್ಲಿ ತೆಗೆದರೆ ಜಠರ ಉಳಿಯುತ್ತದೆ, ಜೊತೆಗೆ ಅಲ್ಲೇ ಇನ್ನೊಂದು ಗಡ್ಡೆ ಹುಟ್ಟುವ ಸಾಧ್ಯತೆಯೂ ಉಳಿಯುತ್ತದೆ. ಆದ್ದರಿಂದ ಜಠರದಲ್ಲಿ ನೆಲೆಸಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದರೆ ಅದಕ್ಕೆ ಔಷಧಿ, ಮತ್ತು ವರ್ಷಕ್ಕೆ ಒಂದೆರಡು ಬಾರಿ ಎಂಡೋಸ್ಕೋಪಿ ತಪ್ಪಿಸುವಂತಿಲ್ಲ.