ಗುರುಗಳ ಕಾಲು ಎಲ್ಲಿದೆ ನೋಡಿ

(ಶಿರಸಿ ಹತ್ತಿರದ ಹಳ್ಳಿಯ ಓದುಗರೊಬ್ಬರ ಪತ್ರ: "ವಯಸ್ಸು ನಲವತ್ತು ದಾಟಿದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿದೆ. ಪೇಟೆಯ ಒಂದು ಡ್ರೈವಿಂಗ್ ಸ್ಕೂಲಿನವರು ಹದಿನೈದು ದಿನದಲ್ಲಿ ಕಲಿಸಿ, ಲೈಸೆನ್ಸೂ ಗ್ಯಾರಂಟಿ ಅಂತಾರೆ. ಇನ್ನೊಂದು ಕಡೆ ಫೀ ಜಾಸ್ತಿ, ಕಲಿಸುವವರು ಸಿಡುಕಿನವರಂತೆ. ನಮ್ಮನೆಯವರು 'ಸುಮ್ನೆ ದುಡ್ಡು ಯಾಕೆ, ನಾನೇ ಕಲಿಸ್ತೇನೆ' ಅನ್ನುತ್ತಾರೆ. ಯಾರ ಹತ್ತಿರ ಕಲಿಯಲಿ?")

ಮನೆಯವರ ವಿಷಯ ಮೊದಲು ಮುಗಿಸೋಣ. ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತು ಕಲಿಸಬಹುದು, ಗಾಡಿಗೆ ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು. ಆದರೆ ಮನೆಯ ಕಾರಿನಲ್ಲಿ ಅವರ ಕಾಲಿಗೆ ಬ್ರೇಕ್ ಸಿಗುವುದಿಲ್ಲ, ಕೈಗೆ ಹ್ಯಾಂಡ್‌ಬ್ರೇಕ್ ಅಷ್ಟೇ. ಅವರನ್ನು ಆಮೇಲಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಜಗಳವೂ ಕಡಿಮೆ.

ಹದಿನೈದು ದಿನದ ಮಾತಿಗೆ ಮರುಳಾಗಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಸ್ಕೂಲಿನವರು ಕಾರು ಕಲಿಸಬೇಕಾದದ್ದು ಕನಿಷ್ಠ 21 ದಿನ. ಅದರಲ್ಲಿ 10 ಗಂಟೆಯಾದರೂ ನೀವೇ ಗಾಡಿ ಓಡಿಸಿರಬೇಕು. ಎಲ್‌ಎಲ್ ಆಗಿ 30 ದಿನದ ಮೇಲೆ ಟೆಸ್ಟ್ ಕೊಡಬಹುದು, ಎಲ್‌ಎಲ್ 6 ತಿಂಗಳು ನಡೆಯುತ್ತದೆ. ಅವಸರ ಯಾರಿಗೆ? 'ಗ್ಯಾರಂಟಿ' ಅನ್ನುವವರು ಏನು ಮಾರುತ್ತಿದ್ದಾರೆ ಅಂತ ನಿಮಗೂ ಗೊತ್ತು, ಅಲ್ವಾ? ಲೈಸೆನ್ಸ್ ಕಾರ್ಡು ಸಿಕ್ಕ ಮೇಲೂ ಶಿರಸಿಯ ಐದು ರಸ್ತೆ ಸರ್ಕಲ್ ದಾಟಬೇಕಾದವರು ನೀವೇ.

ನಾನಾದರೆ ಸ್ಕೂಲಿನ ಬೋರ್ಡು ನೋಡುವುದಿಲ್ಲ, ಕಲಿಸುವವರ ಕಾಲು ನೋಡುತ್ತೇನೆ. ಸ್ಕೂಲಿನ ಕಾರಿನಲ್ಲಿ ಅವರ ಕಡೆಗೂ ಪೆಡಲ್ ಇರುತ್ತದೆ. ಅಪಾಯ ಬಂದಾಗ ಗಾಡಿ ನಿಲ್ಲಿಸಲಿಕ್ಕೆ ಅದು. ಎಷ್ಟೋ ಕಡೆ ಅದೇ ಪೆಡಲ್ ಸಮಯ ಉಳಿಸುವ ಉಪಾಯವಾಗಿದೆ. ನೀವು ಸ್ಟಿಯರಿಂಗ್ ಹಿಡಿದಿರುತ್ತೀರಿ, ಕ್ಲಚ್ಚೂ ಬ್ರೇಕೂ ಅವರ ಕಾಲಲ್ಲಿ. ಗಾಡಿ ಒಮ್ಮೆಯೂ ಆಫ್ ಆಗುವುದಿಲ್ಲ. 'ಮೇಡಂ, ಚೆನ್ನಾಗಿ ಓಡಿಸ್ತೀರಿ' ಅನ್ನುತ್ತಾರೆ, ನಿಮಗೂ ಖುಷಿ. ಕೋರ್ಸು ಮುಗಿದು ಮನೆಯ ಕಾರು ಹತ್ತಿದ ದಿನ ಏರಿನಲ್ಲಿ ನಿಲ್ಲಿಸಿದ ಗಾಡಿ ಹಿಂದಕ್ಕೆ ಜಾರುತ್ತದೆ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತದೆ. ನಮ್ಮ ಊರುಗಳಲ್ಲಿ ಸಪಾಟು ರಸ್ತೆ ಎಷ್ಟಿದೆ ಹೇಳಿ?

ಹಾಗಾಗಿ ಮೊದಲು ಒಂದು ದಿನದ ಕ್ಲಾಸ್ ಕೇಳಿ. ಖಾಲಿ ಇರುವ ಸಣ್ಣ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದನ್ನು ಹೇಗೆ ಹೇಳಿಕೊಡುತ್ತಾರೆ ನೋಡಿ. ಹ್ಯಾಂಡ್‌ಬ್ರೇಕ್ ಎಳೆದುಕೊಳ್ಳಿ, ಕ್ಲಚ್ ನಿಧಾನ ಬಿಡಿ, ಎಂಜಿನ್ ಸದ್ದು ಬದಲಾಗುತ್ತಲೇ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ ಅಂತ ಹೇಳಿ, ನಾಲ್ಕು ಸಲ ಗಾಡಿ ಆಫ್ ಆದರೂ ತಮ್ಮ ಕಾಲು ಹಿಂದಿಟ್ಟು ಕೂತರೆ ಅವರೇ ಸರಿ. ಸಿಡುಕಿನವರು ಹೀಗಿದ್ದರೆ ಸಿಡುಕು ಸಹಿಸಿಕೊಳ್ಳಬಹುದು. ಆದರೆ ತಪ್ಪಾದ ಮೇಲೆ ಕೂಗುವುದು ಬಿಟ್ಟು ಮುಂಚೆ ಏನೂ ಹೇಳದವರು ಬೇಡ. ಹೆಂಗಸರು ಅಂತ ತಮಾಷೆ ಮಾಡುವವರಂತೂ ಬೇಡವೇ ಬೇಡ.

ಇನ್ನೊಂದು. ಕೆಲವರು ಒಂದೇ ಕಾರಿನಲ್ಲಿ ಮೂರು ನಾಲ್ಕು ಜನರನ್ನು ಕೂರಿಸುತ್ತಾರೆ. ಹಿಂದಿನ ಸೀಟಿನಲ್ಲಿ ಕಳೆದ ಹೊತ್ತು ನಿಮ್ಮ ಹತ್ತು ಗಂಟೆಗೆ ಸೇರುವುದಿಲ್ಲ. ಯಾರು ಎಷ್ಟು ಹೊತ್ತು ಓಡಿಸಿದರು ಅಂತ ಸ್ಕೂಲಿನವರು ರಿಜಿಸ್ಟರ್ ಇಡಬೇಕು, ಕೇಳಿ ನೋಡಿ. ಅವರ ಲೈಸೆನ್ಸ್ ಗೋಡೆಯ ಮೇಲಿದೆಯಾ ಅಂತಲೂ ಕಣ್ಣಾಡಿಸಿ.

ಕುಮಟಾಕ್ಕೆ ಹೋಗುವವರು ನೀವು ಅಂದರೆ ಕೊನೆಯ ದಿನಗಳಲ್ಲಿ ದೇವಿಮನೆ ಘಟ್ಟಕ್ಕೆ ಕರೆದುಕೊಂಡು ಹೋಗಿ ಅನ್ನಿ, ಮೊದಲ ವಾರ ಖಂಡಿತ ಬೇಡ. ಇಳಿಯುವಾಗ ಕಡಿಮೆ ಗೇರಿನಲ್ಲಿ ಇಳಿಯಬೇಕು, ಇಲ್ಲದಿದ್ದರೆ ಬ್ರೇಕ್ ಬಿಸಿಯಾಗಿ ಹಿಡಿತ ಬಿಡುತ್ತದೆ. ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು. 'ಪೆಟ್ರೋಲ್ ಉಳಿಯುತ್ತೆ, ನ್ಯೂಟ್ರಲ್ ಹಾಕಿ' ಅಂತ ಕಲಿಸುವವರು ಸಿಕ್ಕರೆ ಉಳಿದ ಕ್ಲಾಸು ಬಿಟ್ಟುಬಿಡಿ. ಅದಕ್ಕೇ ಹೇಳುವುದು, ಫೀ ಪೂರ್ತಿ ಮೊದಲೇ ಕೊಡಬೇಡಿ; ಅರ್ಧ ಈಗ, ಅರ್ಧ ಏರಿನಲ್ಲಿ ಗಾಡಿ ನೀವೇ ಎತ್ತಿದ ಮೇಲೆ.

— ಸಂ.