ಸ್ಲೀಪಿಂಗ್ ಬ್ಯಾಗೋ ಕ್ವಿಲ್ಟೋ? ಮೊದಲ ಕೆಳಗ ಏನ ಹಾಸ್ತೀರಿ ಅದನ್ನ ಹೇಳ್ರಿ

ನಿಮ್ಮ ಪ್ರಶ್ನೆ ಎರಡ ಸಲ ಓದಿದೆ. ವಿಜಯಪುರದವ್ರು, 5 ಅಡಿ 11 ಇಂಚು ಎತ್ತರ, ಮಗ್ಗಲಾಗಿ ಮಲಗೂ ರೂಢಿ, ವರ್ಷಕ್ಕ ಐದಾರು ಸಲ ಸಹ್ಯಾದ್ರಿ ಕಡೆ ಹೋಗ್ತೀರಿ, ಈ ಡಿಸೆಂಬರ್‌ದಾಗ ಉತ್ತರಾಖಂಡದ ಹಿಮದ ಶಿಖರ ಕೇದಾರಕಂಠ ಬುಕ್ ಮಾಡೀರಿ, ಕೈಯಾಗ 12 ಸಾವಿರ ಐತಿ, ಹಗುರ ಸ್ಲೀಪಿಂಗ್ ಬ್ಯಾಗ್ ತಗೊಳ್ಳೂದೋ ಇಲ್ಲಾ ಕ್ವಿಲ್ಟ್ ತಗೊಳ್ಳೂದೋ ಅಂತ ಕೇಳೀರಿ. ನಾ ಬೆಳಗಾವಿಯಾಕಿ, ಒಂಬತ್ತು ವರ್ಷದಿಂದ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ತಿರಗಾಕತ್ತೀನಿ, ಎರಡರಾಗೂ ಮಲಗೀನಿ, ಎರಡರಾಗೂ ಥಂಡಿಗಿ ನಡಗೀನಿ, ಅದಕ್ಕ ಸ್ವಲ್ಪ ಉದ್ದನ ಬರೀತೀನಿ, ಟೈಮ್ ಇದ್ದಾಗ ಓದ್ರಿ.

ಉತ್ತರ ಮೊದಲ ಹೇಳಿಬಿಡ್ತೀನಿ. ನಮ್ಮ ಘಟ್ಟಕ್ಕ ಕ್ವಿಲ್ಟ್ ಸಾಕು, ಅದ ಚಲೋ. ಕೇದಾರಕಂಠಕ್ಕ ಸ್ಲೀಪಿಂಗ್ ಬ್ಯಾಗ್ ಬೇಕು, ಆದ್ರ ಅದನ್ನ ಕೊಳ್ಳಬ್ಯಾಡ್ರಿ, ಬಾಡಿಗಿ ತಗೋರಿ. ಮತ್ತ ನಿಮ್ಮ 12 ಸಾವಿರದಾಗ ಮೊದಲನೇ ರೊಕ್ಕ ಎರಡಕ್ಕೂ ಅಲ್ಲ, ಕೆಳಗ ಹಾಸೂ ಮ್ಯಾಟಿಗೆ ಹೋಗಬೇಕು. ನೀವು ಮ್ಯಾಟ್ ಬಗ್ಗೆ ಒಂದ ಮಾತೂ ಬರದಿಲ್ಲ, ಅದನ್ನ ನೋಡೇ ನಾ ಬರಿಯಾಕ ಕುಂತದ್ದು.

ಕ್ವಿಲ್ಟ್ ಅಂದ್ರ ಏನೋ ಹೊಸಾ ವಸ್ತು ಅಂತ ತಿಳ್ಕೋಬ್ಯಾಡ್ರಿ, ನಮ್ಮ ಕೌದಿ ಅದು. ನಮ್ಮ ಆಯಿ ಗುಳೇದಗುಡ್ಡದಾಕಿ, ಹರದ ಇಳಕಲ್ ಸೀರಿ, ಅಜ್ಜನ ಧೋತರ ಎಲ್ಲಾ ಒಂದರ ಮ್ಯಾಲ ಒಂದು ಹಾಕಿ ಸಣ್ಣಗ ಸಾಲ ಹೊಲಿಗಿ ಹಾಕಿ ಕೌದಿ ಮಾಡ್ತಿದ್ಲು. ಅದಕ್ಕ ಚೈನ್ ಇಲ್ಲ, ಟೊಪ್ಪಿಗಿ ಇಲ್ಲ, ಬೆನ್ನಿನ ಕೆಳಗ ಬರೂ ಭಾಗ ಇಲ್ಲ, ಮ್ಯಾಲ ಹೊಚ್ಕೊಳ್ಳೂದು ಅಷ್ಟ. ಟ್ರೆಕ್ಕಿಂಗ್ ಕ್ವಿಲ್ಟೂ ಅದ, ಸೀರಿ ಜಾಗಾದಾಗ ತೆಳ್ಳನ ನೈಲಾನ್, ಒಳಗ ಬಾತುಕೋಳಿ ಎದಿ ಮ್ಯಾಲಿನ ತುಪ್ಪಳ ಇಲ್ಲಾ ಸಿಂಥೆಟಿಕ್ ಹತ್ತಿ, ಮತ್ತ ಕಾಲ ಕಡೆ ಚೀಲದ ಗತೆ ಒಂದು ಜಾಗಾ. ಮಮ್ಮಿ ಆಕಾರದ ಸ್ಲೀಪಿಂಗ್ ಬ್ಯಾಗ್ ಹಂಗಲ್ಲ, ಕೂಸಿಗೆ ಕುಂಚಿಗಿ ಕಟ್ಟಿ ಗಟ್ಟಿ ಸುತ್ತಿದಂಗ ತಲಿಯಿಂದ ಪಾದದ ತನಕ ಮುಚ್ಚತೈತಿ.

ಬೆನ್ನಿನ ಭಾಗ ಯಾಕ ತಗದ್ರು ಅಂದ್ರ ಅದಕ್ಕೊಂದು ಕಾರಣ ಐತಿ. ನಮ್ಮನ್ನ ಬೆಚ್ಚಗ ಇಡೂದು ತುಪ್ಪಳ ಅಲ್ಲ, ತುಪ್ಪಳದ ನಡುವ ಸಿಕ್ಕೊಂಡು ನಿಂತ ಗಾಳಿ. ನೀವು ಮಲಗಿದ ಕೂಡಲೇ ನಿಮ್ಮ ಮೈ ಭಾರಕ್ಕ ಕೆಳಗಿನ ತುಪ್ಪಳ ರೊಟ್ಟಿಯಂಗ ಚಪ್ಪಟಿ ಆಗತೈತಿ, ಗಾಳಿ ಹೊರಗ ಹೋಗತೈತಿ, ಆಮ್ಯಾಲ ಅದು ಇದ್ರೂ ಅಷ್ಟ ಇಲ್ಲದಿದ್ರೂ ಅಷ್ಟ. ಹಂಗಾರ ಅದನ್ನ ಯಾಕ ಹೊರೂದು ಅಂತ ಅದನ್ನೂ ಚೈನೂ ಟೊಪ್ಪಿಗೀನೂ ತಗದ್ರು, ಒಂದ ಥಂಡಿಗಿ ಮಾಡಿದ ಬ್ಯಾಗಿಗೂ ಕ್ವಿಲ್ಟಿಗೂ ಸುಮಾರು 200–300 ಗ್ರಾಂ ಫರಕ್ ಬರತೈತಿ. ಇದನ್ನ 1990ರ ದಶಕದಾಗ ಅಮೆರಿಕಾದ ದೂರ ನಡಿಯೂ ಮಂದಿ ನಡುವ ಹರಡಿದವ್ರು ರೇ ಜಾರ್ಡಿನ್, ತಾವ ಹೊಲಕೊಂಡ ಕ್ವಿಲ್ಟ್ ಹೊತ್ಕೊಂಡು ಸಾವಿರಾರು ಮೈಲಿ ನಡದವ್ರು. ಕಲ್ಲಬಂಡಿ ಹತ್ತೋರಿಗೆ ಅವರ ಹೆಸರು ಬ್ಯಾರೆ ಕಾರಣಕ್ಕ ಗೊತ್ತಿರತೈತಿ, ಬಂಡಿ ಬಿರುಕಿನ್ಯಾಗ ಸಿಗಸೂ ಸ್ಪ್ರಿಂಗಿನ ಸಾಧನ, ಫ್ರೆಂಡ್ಸ್ ಅಂತಾರಲ್ಲ, ಅದನ್ನ ಕಂಡಹಿಡದವ್ರೂ ಅವರ. ಬಾದಾಮಿಗೆ ಕ್ಲೈಂಬಿಂಗ್ ಮಾಡಾಕ ಬರೂ ಹುಡುಗರನ್ನ ಕೇಳಿದ್ರ ಹೇಳ್ತಾರ.

ಅಂದ್ರ ಕ್ವಿಲ್ಟ್ ತಗೊಂಡ್ರ ಬೆನ್ನ ಕಾಯೂ ಕೆಲಸ ಪೂರ್ತಿ ಮ್ಯಾಟಿಂದು. ಇದು ನನಗ ಹೆಂಗ ತಿಳೀತು ಅಂದ್ರ ಮಹಾರಾಷ್ಟ್ರದಾಗ ಹರಿಶ್ಚಂದ್ರಗಡ ಅನ್ನೂ ಗುಡ್ಡದ ಕೋಟಿಗೆ ಹೋದಾಗ. ಜನವರಿ, ಗಡದ ಕೆಳಗ ಪಾಚನೈ ಅಂತ ಊರು, ಒಂದು ಮನಿ ಪಡಸಾಲ್ಯಾಗ ಮಲಗೂ ವ್ಯವಸ್ಥಾ. ತೂಕ ಕಡಿಮಿ ಆಗ್ಲಿ ಅಂತ ನಾ ಮ್ಯಾಟ್ ಬಿಟ್ಟು ಹೋಗಿದ್ದೆ, ಸಾರಿಸಿದ ನೆಲ ಐತಿ, ಸ್ಲೀಪಿಂಗ್ ಬ್ಯಾಗ್ ಐತಿ, ಏನಾಗತೈತಿ ಅಂತ. ಹನ್ನೆರಡು ಹೊಡಿಯೂದ್ರಾಗ ಬೆನ್ನ ಮರಗಟ್ಟಿತು. ಜಾಕೆಟ್ ಹಾಕ್ಕೊಂಡೆ, ಮ್ಯಾಲ ಶಾಲು ಹೊಚ್ಕೊಂಡೆ, ಊಹೂಂ. ನಾ ಹೊಳ್ಳಾಡೂ ಸಪ್ಪಳಕ್ಕ ಆ ಮನಿ ಅಜ್ಜಿ ಎದ್ದು ಬಂದ್ಲು, ಕೈಯಾಗ ಒಂದು ಗೋಧಡಿ, ಅಂದ್ರ ಅವರ ಮರಾಠಿ ಕೌದಿ. ನಾ ಅದನ್ನ ತಗೊಂಡು ಮೈ ಮ್ಯಾಲ ಎಳಕೊಳ್ಳಾಕ ಹೋದೆ. ಆಕಿ ಕೈ ಹಿಡದು ತಡದು, "ವರ್ ನಾಹೀ ಪೋರಿ, ಖಾಲಿ ಘಾಲ್" ಅಂದ್ಲು, ಮ್ಯಾಲ ಅಲ್ಲ ಹುಡುಗಿ, ಕೆಳಗ ಹಾಸು. ನನ್ನ ಎಬ್ಬಿಸಿ, ಎರಡು ಗೋಣಿಚೀಲ ಮೊದಲ ಹಾಸಿ, ಅದರ ಮ್ಯಾಲ ಗೋಧಡಿ ನಾಲ್ಕ ಮಡಕಿ ಮಾಡಿ ಹಾಕಿ, ಅಂಗೈಲೆ ಒತ್ತಿ ನೋಡಿ ಆಮ್ಯಾಲ ಮಲಗಿಸಿದ್ಲು. ಹತ್ತ ನಿಮಿಷದಾಗ ನಿದ್ದಿ. ಅದ ಬ್ಯಾಗು, ಅದ ಥಂಡಿ. ನಮ್ಮ ಕಡೆ ಕುರಿ ಕಾಯೋರನ್ನ ನೋಡ್ರಿ, ಹೊಲದಾಗ ಮಲಗೂಮುಂದ ಕಂಬಳಿ ಅರ್ಧ ಕೆಳಗ ಹಾಸಿ ಅರ್ಧ ಮ್ಯಾಲ ಎಳಕೊಂಡಿರ್ತಾರ, ಅವರಿಗಿ ಯಾರೂ ಹೇಳಿಕೊಡಬೇಕಾಗಿಲ್ಲ.

ಮ್ಯಾಟಿಗೆ ಆರ್-ವ್ಯಾಲ್ಯೂ ಅಂತ ಒಂದು ನಂಬರ್ ಇರತೈತಿ, ಹೆಚ್ಚಿದ್ದಷ್ಟು ನೆಲದ ಥಂಡಿ ತಡೀತೈತಿ. ಮಡಚೂ ಫೋಮ್ ಮ್ಯಾಟ್ ಸುಮಾರು 2 ಇರತೈತಿ, ಘಟ್ಟಕ್ಕ ಅಷ್ಟ ಸಾಕು. ಹಿಮದ ಮ್ಯಾಲ ಮಲಗೂದಾದ್ರ 4–5 ಬೇಕು. ಎರಡು ಮ್ಯಾಟ್ ಒಂದರ ಮ್ಯಾಲ ಒಂದು ಹಾಕಿದ್ರ ನಂಬರ್ ಕೂಡತಾವು, 2 ಮತ್ತ 3 ಸೇರಿದ್ರ 5, ಹಿಂಗಾಗಿ ಇವತ್ತ ಫೋಮ್ ತಗೊಂಡ್ರ ನಾಳೆ ಗಾಳಿ ತುಂಬೂದು ತಗೊಂಡಾಗೂ ಅದು ದಂಡ ಆಗಂಗಿಲ್ಲ. ನೀವು ಮಗ್ಗಲಾಗಿ ಮಲಗೋರು, ಸೊಂಟ ಭುಜ ನೆಲಕ್ಕ ಒತ್ತತಾವು, ನಿಮಗ ಮುಂದ ಗಾಳಿ ತುಂಬೂದು ಬೇಕಾಗಬಹುದು, ಈಗ ಫೋಮ್‌ಲೇ ಶುರು ಮಾಡ್ರಿ.

ಈಗ ಬ್ಯಾಗಿನ ಮ್ಯಾಲ ಬರಿಯೂ ಡಿಗ್ರಿ ವಿಷಯ. ನನ್ನ ಮೊದಲನೇ ಬ್ಯಾಗ್ ಒಂದು ಅಂಗಡ್ಯಾಗ ತಗೊಂಡದ್ದು, ಕವರ್ ಮ್ಯಾಲ ದೊಡ್ಡದಾಗಿ 0 ಡಿಗ್ರಿ ಅಂತ ಇತ್ತು, ಅಂಗಡಿಯವ್ರೂ ಸೊನ್ನಿ ತನಕ ಆರಾಮ ಅಂದ್ರು. ಮನಿಗೆ ಬಂದು ಒಳಗಿನ ಚೀಟಿ ಓದಿದ್ರ ಆ 0 ಅನ್ನೂದು ಎಕ್ಸ್‌ಟ್ರೀಮ್. ಐಎಸ್ಒ 23537 ಅಂತ ಒಂದು ಪರೀಕ್ಷಾ ಐತಿ, ಅದರಾಗ ಮೂರು ನಂಬರ್ ಬರತಾವು. ಕಂಫರ್ಟ್ ಅಂದ್ರ ಸಾಮಾನ್ಯ ಹೆಣ್ಮಗಳು ಆರಾಮ ಮಲಗೂದು, ಲಿಮಿಟ್ ಅಂದ್ರ ಸಾಮಾನ್ಯ ಗಂಡಸು ಮುದುಡಿಕೊಂಡು ಹೆಂಗೋ ರಾತ್ರಿ ಕಳಿಯೂದು, ಎಕ್ಸ್‌ಟ್ರೀಮ್ ಅಂದ್ರ ಜೀವ ಉಳಿಯೂ ಲೆಕ್ಕ, ನಿದ್ದಿ ಲೆಕ್ಕ ಅಲ್ಲ. ನೀವು ಗಂಡಸ್ರಾದ್ರೂ ಕಂಫರ್ಟ್ ನಂಬರ್ ಅಷ್ಟ ನೋಡ್ರಿ, ಹೆಣ್ಮಕ್ಕಳಿಗಂತೂ ಅದರ ಮ್ಯಾಲ ಇನ್ನೂ ಮೂರ್ನಾಲ್ಕು ಡಿಗ್ರಿ ಬಿಟ್ಟು ತಗೋರಿ ಅಂತ ನಾ ಹೇಳ್ತೀನಿ. ಮತ್ತ ಆ ಪರೀಕ್ಷಾನೂ ಗೊಂಬಿಗೆ ಥರ್ಮಲ್ ಹಾಕಿ ಮ್ಯಾಟ್ ಮ್ಯಾಲ ಮಲಗಿಸಿ ಮಾಡೂದು, ಬರೀ ನೆಲಕ್ಕಲ್ಲ. ಕ್ವಿಲ್ಟಿಗೆ ಹಿಂಗ ಒಂದ ಅಳತಿ ಇಲ್ಲ, ಕಂಪನಿಯವ್ರು ತಮ್ಮ ಅಂದಾಜಿನ್ಯಾಗ ಬರೀತಾರ, ಹಿಂಗಾಗಿ ಕ್ವಿಲ್ಟ್ ಮ್ಯಾಲಿನ ನಂಬರ್ ಬ್ಯಾಗಿನ ನಂಬರ್ ಜೊತಿ ಹೋಲಿಸಬ್ಯಾಡ್ರಿ.

ಕೇದಾರಕಂಠಕ್ಕ ನಾ ಕ್ವಿಲ್ಟ್ ಒಯ್ದೆ. ಗೆಳತಿ ಒಬ್ಬಾಕಿ ಅಮೆರಿಕಾದಿಂದ ತಂದದ್ದು, 650 ಗ್ರಾಂ ತೂಕ, ಕೈಯಾಗ ಹಿಡದ್ರ ಹೂವಿನಂಗ. ದಾರ್ಯಾಗ ಜೂಡಾ ಕಾ ತಾಲಾಬ್ ಅನ್ನೂ ಕೆರಿ ಹತ್ರ ಟೆಂಟು, ಸುತ್ತ ಹಿಮ. ಕ್ವಿಲ್ಟ್ ಅಂಚಿಗೆ ಎರಡು ಎಲಾಸ್ಟಿಕ್ ಪಟ್ಟಿ ಇರತಾವು, ಮ್ಯಾಟಿನ ಕೆಳಗಿಂದ ಸುತ್ತಿ ಕ್ಲಿಪ್ ಹಾಕಬೇಕು, ಹಾಕಿದ್ದೆ. ಎರಡು ಗಂಟೇಕ್ಕ ಮಗ್ಗಲ ಬದಲಿಸಿದೆ, ಕ್ಲಿಪ್ ಒಂದು ಬಿಚ್ಚಿತು, ಸೊಂಟದ ಹತ್ರ ನಾಲ್ಕ ಬೆರಳ ಸಂದಿ ಆತು. ಅಷ್ಟ ಸಾಕು ನೋಡ್ರಿ, ಒಳಗ ಕಾದಿದ್ದ ಗಾಳಿ ಎಲ್ಲಾ ಹೋಗಿ ಬೆನ್ನಿಗೆ ಯಾರೋ ತಣ್ಣೀರ ಹೊಯ್ದಂಗ ಎಚ್ಚರ ಆತು. ಕತ್ತಲಾಗ ಕೈ ಜೋಮು ಹಿಡದಿರತೈತಿ, ಆ ಸಣ್ಣ ಕ್ಲಿಪ್ ಹುಡಕಿ ಹಾಕಾಕ ಎಷ್ಟೊತ್ತು ಒದ್ದಾಡಿದೆ. ಟೊಪ್ಪಿಗಿ ಇಲ್ಲಲ್ಲ, ಉಸಿರು ಬೆಚ್ಚಗ ಐತಿ ಅಂತ ಮುಸುಕು ಹಾಕ್ಕೊಂಡೆ, ಅದೂ ತಪ್ಪ, ಉಸಿರಿನ ಹಸಿ ತುಪ್ಪಳಕ್ಕ ಹತ್ತಿ ಮುಂಜಾನೆ ಎದಿ ಮ್ಯಾಲಿನ ಭಾಗ ಎಲ್ಲಾ ಜೋತಬಿದ್ದು ಗಂಟ ಕಟ್ಟಿತ್ತು. ತುಪ್ಪಳ ಹಸಿ ಆದ್ರ ಮುಗೀತು, ಉಬ್ಬಂಗಿಲ್ಲ, ಉಬ್ಬಲಿಲ್ಲ ಅಂದ್ರ ಬೆಚ್ಚಗ ಇಡಂಗಿಲ್ಲ.

ಕ್ವಿಲ್ಟಿನಾಗ ಹತ್ತಾರು ರಾತ್ರಿ ಮಲಗಿ, ಯಾವ ಪಟ್ಟಿ ಎಷ್ಟ ಬಿಗೀಬೇಕು, ಮಗ್ಗಲ ಬದಲಿಸೂಮುಂದ ಅಂಚ ಹೆಂಗ ಒತ್ತಿ ಹಿಡಕೋಬೇಕು ಅಂತ ರೂಢಿ ಆದವ್ರು ಹಿಮದಾಗೂ ಮಲಗ್ತಾರ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಮೊದಲನೇ ಸಲ 12,500 ಅಡಿ ಏರೋರು, ಅದೂ ಮಗ್ಗಲ ಬದಲಿಸೂ ರೂಢಿ ಇದ್ದವ್ರು, ಡಿಸೆಂಬರ್‌ದಾಗ ಆ ಪ್ರಯೋಗ ಮಾಡಬಾರದು. ಅಲ್ಲೆ ಸೊನ್ನಿಗಿಂತ ಕೆಳಗ ಇಳೀತೈತಿ, ಕತ್ತಲ ಬಾಳ ಲಗೂನ ಆಗತೈತಿ, ಹತ್ತ ಹನ್ನೊಂದು ತಾಸು ಟೆಂಟಿನ್ಯಾಗ ಇರ್ತೀರಿ, ನಿದ್ದಿ ಇಲ್ಲಂದ್ರ ನಸಕಿನ್ಯಾಗ ಶಿಖರಕ್ಕ ಹೋಗೂದು ಹೆಂಗ? ಕರಕೊಂಡು ಹೋಗೋರು ಸ್ಲೀಪಿಂಗ್ ಬ್ಯಾಗ್ ಕೊಡ್ತಾರೇನು, ಎಷ್ಟ ಡಿಗ್ರಿದು, ಕೆಳಗ ಏನ ಹಾಸ್ತಾರ ಅಂತ ಈಗ ಫೋನ್ ಹಚ್ಚಿ ಕೇಳ್ರಿ. ಕೊಡದಿದ್ರ ಬಾಡಿಗಿ ತಗೋರಿ. ಬ್ಯಾಗಿನ ಒಳಗ ಹಾಕೂ ತೆಳು ಅರಬಿ ಚೀಲ, ಲೈನರ್ ಅಂತಾರ, ಅದು ನಿಮ್ಮದ ಇರ್ಲಿ, ಸ್ವಚ್ಛನೂ ಆತು, ಸ್ವಲ್ಪ ಬೆಚ್ಚಗೂ ಆತು. ನಿಮ್ಮ ಫೋಮ್ ಮ್ಯಾಟ್ ಒಯ್ಯೂದು ಮರೀಬ್ಯಾಡ್ರಿ, ಅವರ ಮ್ಯಾಟಿನ ಮ್ಯಾಲ ಹಾಕ್ರಿ. ಮಲಗೂಮುಂದ ಎರಡು ಶೇಂಗಾ ಉಂಡಿ ತಿನ್ರಿ, ಹೊಟ್ಟ್ಯಾಗ ಏನರ ಇದ್ರನ ಮೈ ಕಾಯತೈತಿ, ಬ್ಯಾಗ್ ತಾನಾಗಿ ಬಿಸಿ ಹುಟ್ಟಸಂಗಿಲ್ಲ. ಬಿಸಿನೀರಿನ ಬಾಟ್ಲಿ ಮುಚ್ಚಳ ಬಿಗಿ ಮಾಡಿ ಕಾಲಚೀಲದಾಗ ಹಾಕಿ ತೊಡಿ ನಡುವ ಇಟ್ಕೋರಿ.

ಘಟ್ಟದ ಲೆಕ್ಕ ಬ್ಯಾರೆ. ಕುದುರೆಮುಖ 1,894 ಮೀಟರ್, ಕಳಸೂಬಾಯಿ 1,646, ಕೊಡಚಾದ್ರಿ 1,343. ಈ ಎತ್ತರದಾಗ ನೀವು ಊರಾಗ ಇಲ್ಲಾ ತಪ್ಪಲದಾಗ ಮಲಗ್ತೀರಿ, ಚಳಿಗಾಲದಾಗೂ ಬಾಳ ಅಂದ್ರ ನಮ್ಮ ಬೆಳಗಾವಿ ಡಿಸೆಂಬರ್ ಥಂಡಿ, ಗಾಳಿ ಬಿಟ್ರ ಇನ್ನೊಂದೀಟು. ಅಲ್ಲೆ ಮಮ್ಮಿ ಬ್ಯಾಗಿನಾಗ ಹೊಕ್ರ ಹತ್ತು ಗಂಟೇಕ್ಕ ಬೆವರು, ಚೈನ್ ತಗದ್ರ ಒಂದ ಕಡೆ ಥಂಡಿ. ಕ್ವಿಲ್ಟ್ ಆದ್ರ ಶೆಕಿ ಆದಾಗ ಒಂದು ಕಾಲ ಹೊರಗ ಹಾಕ್ರಿ, ನಸಕಿನ್ಯಾಗ ಥಂಡಿ ಹತ್ತಿದ್ರ ಎಳಕೋರಿ, ಮನ್ಯಾಗ ಕೌದಿ ಹೊಚ್ಕೊಂಡಂಗ. ಮೊಣಕಾಲ ಮಡಚಿ ಮಗ್ಗಲಾಗಿ ಮಲಗೋರಿಗಂತೂ ಇದು ಬಾಳ ಆರಾಮ, ಬ್ಯಾಗಿನಾಗ ಮೊಣಕಾಲ ತಡೀತೈತಿ. ನಿಮ್ಮ ಎತ್ತರಕ್ಕ ಉದ್ದಂದು, ಅಗಲಂದು ತಗೋರಿ, 50 ಗ್ರಾಂ ಉಳಸಾಕ ಸಣ್ಣದು ತಗೊಂಡ್ರ ಬೆನ್ನ ಹಿಂದ ಸಂದಿ ಬೀಳತೈತಿ.

ಒಂದ ಮಾತು, ಘಟ್ಟಕ್ಕ ತುಪ್ಪಳದ್ದು ಬ್ಯಾಡ್ರಿ, ಸಿಂಥೆಟಿಕ್ ತಗೋರಿ. ಜಾಂಬೋಟಿ, ಚೋರ್ಲಾ, ಅಂಬೋಲಿ ಕಡೆ ಮಳಿ ನಿಂತ ಮ್ಯಾಲೂ ಇಬ್ಬನಿ, ಮಂಜು, ಎಲ್ಲಾ ಹಸಿಹಸಿ, ಅಂಬೋಲ್ಯಾಗ ವರ್ಷಕ್ಕ 7,000 ಮಿಲಿಮೀಟರ್ ದಾಟಿ ಮಳಿ ಬೀಳತೈತಿ. ಸಿಂಥೆಟಿಕ್ ತೊಯ್ದ್ರೂ ಅಷ್ಟೊ ಇಷ್ಟೊ ಬೆಚ್ಚಗ ಇಡತೈತಿ, ಲಗೂನ ಒಣಗತೈತಿ. ಆಯಿ ಕೌದೀನ ಒಯ್ಯಾಕ ನನಗೂ ಆಶಾ ಇತ್ತು, ಆದ್ರ ಹತ್ತಿ ಅರಬಿ ನೀರ ಕುಡದ್ರ ಎತ್ತಾಕ ಬರಂಗಿಲ್ಲ, ಅದು ಮನ್ಯಾಗ ಚಂದ.

ಹೊರದೇಶದ ಚಲೋ ತುಪ್ಪಳದ ಕ್ವಿಲ್ಟ್ 300 ಡಾಲರ್ ಆಸುಪಾಸು, ಮ್ಯಾಲ ಕಸ್ಟಮ್ಸ್, ನಿಮ್ಮ ಬಜೆಟ್‌ದಾಗ ಕೂಡಂಗಿಲ್ಲ. ನಾ ಏನ ಮಾಡಿದೆ ಅಂದ್ರ ಆ ಹಳೇ 0 ಡಿಗ್ರಿ ಬ್ಯಾಗನ್ನ ನಮ್ಮ ಬೆಳಗಾವಿ ಶಹಾಪುರದಾಗ ಒಬ್ಬ ಟೇಲರ್ ಹತ್ರ ಒಯ್ದೆ. ಟೊಪ್ಪಿಗಿ ತಗಸಿದೆ, ಚೈನ್ ಮೊಣಕಾಲ ತನಕ ಬಿಚ್ಚಿಸಿದೆ, ಕೆಳಗಿನ ಭಾಗ ಒಂದು ಗೇಣ ಅಗಲ ಬಿಟ್ಟು ಉಳದದ್ದು ಕತ್ತರಿಸಿ ಅಂಚಿಗೆ ಪಟ್ಟಿ ಹೊಲಿಸಿದೆ, ಕಾಲ ಕಡೆ ಚೀಲ ಹಂಗ ಉಳೀತು. ಅವರು ಮೊದಲ ಚಲೋ ಬ್ಯಾಗ್ ಯಾಕ ಹಾಳ ಮಾಡ್ತೀರಿ ಅಕ್ಕಾರ ಅಂದ್ರು, ಆಮ್ಯಾಲ ನಾ ಅಂಗಡಿ ಬೆಂಚಿನ ಮ್ಯಾಲ ಹೊಚ್ಕೊಂಡು ತೋರಿಸಿದ ಮ್ಯಾಲ, ಓ ಕೌದಿ, ಅಂತ ಪಟಪಟ ಹೊಲದು ಕೊಟ್ರು. ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗಿಸಿದೆ, 1 ಕಿಲೋ 700 ಇದ್ದದ್ದು 1 ಕಿಲೋ 150ಕ್ಕ ಬಂತು. ಐದು ವರ್ಷ ಆತು, ಘಟ್ಟಕ್ಕ ಈಗೂ ಅದ ಒಯ್ತೀನಿ. ಸಿಂಥೆಟಿಕ್ ಹಾಳೆ ಗತೆ ಇರತೈತಿ ಅದಕ್ಕ ಕತ್ತರಿಸಾಕ ಬರತೈತಿ, ತುಪ್ಪಳದ್ದಕ್ಕ ಕತ್ತರಿ ಹಾಕಬ್ಯಾಡ್ರಿ, ಎಲ್ಲಾ ಹಾರಿ ಹೋಗತೈತಿ. ಕತ್ತರಿಸಾಕ ಮನಸ್ಸಿಲ್ಲಂದ್ರ ಕಾಲ ತನಕ ಚೈನ್ ಬಿಚ್ಚೂ ಸಿಂಥೆಟಿಕ್ ಬ್ಯಾಗ್, ಕಂಫರ್ಟ್ 10 ಡಿಗ್ರಿ ಹತ್ರದ್ದು ತಗೋರಿ, ಪೂರ್ತಿ ಬಿಚ್ಚಿ ಕ್ವಿಲ್ಟಿನಂಗ ಹೊಚ್ಕೋರಿ. ಮನಿಗೆ ಬಂದ ಮ್ಯಾಲ ಯಾವುದನ್ನೂ ಆ ಸಣ್ಣ ಚೀಲದಾಗ ತುರುಕಿ ಇಡಬ್ಯಾಡ್ರಿ, ಒಂದ ಸೀಸನ್‌ದಾಗ ಉಬ್ಬೂದು ಬಿಡತೈತಿ, ಹಳೇ ದಿಂಬಿನ ಕವರಿನ್ಯಾಗ ಸಡ್ಲ ಹಾಕಿ ನೇತ ಹಾಕ್ರಿ.

ಹೋಗೂಕಿಂತ ಮುಂಚೆ ಮನಿ ಮಾಳಗಿ ಮ್ಯಾಲ ಎರಡು ರಾತ್ರಿ ಮಲಗ್ರಿ. ವಿಜಯಪುರದಾಗ ನವೆಂಬರ್ ಕಡೀಕ ನಸಕಿನ್ಯಾಗ ಚಲೋ ಥಂಡಿ ಇರತೈತಿ, ಬಯಲ ಗಾಳೀನೂ ಸಿಗತೈತಿ. ಒಂದ ರಾತ್ರಿ ಮ್ಯಾಟ್ ಹಾಕಿ, ಒಂದ ರಾತ್ರಿ ಬರೀ ಚಾಪಿ ಮ್ಯಾಲ, ಎರಡೂ ದಿನ ಅದ ಬ್ಯಾಗು, ಅದ ಅರಬಿ. ನಾಲ್ಕು ಗಂಟೇಕ್ಕ ಎಚ್ಚರ ಆದಾಗ ಥಂಡಿ ಮ್ಯಾಲಿಂದ ಬರಾಕತ್ತೈತೋ ಕೆಳಗಿಂದ ಬರಾಕತ್ತೈತೋ ಕೈ ಹಚ್ಚಿ ನೋಡ್ರಿ, ಮತ್ತ ಇಲ್ಲೇ ಕೆಳಗ ಬರದು ತಿಳಸ್ರಿ, ಯಾವ ಮ್ಯಾಟ್ ಅಂತ ಆಮ್ಯಾಲ ಕೂಡಿ ನೋಡೂಣು.