ಕ್ಯಾಚ್ ಬ್ಲಾಕಿನ ಎರಡು ಸಾಲು

ನಮಸ್ಕಾರ. ಜೆಎಸ್‌ಪಿ (ಜಾವಾದಲ್ಲಿ ವೆಬ್ ಪುಟ ಕಟ್ಟುವ ವಿಧಾನ) ಟ್ಯಾಗ್‌ಗಳಲ್ಲಿ ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗ ಬರುವ ದೋಷ, ಹಿಡಿಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಟ್ಯಾಗ್‌ನ ಡೂಸ್ಟಾರ್ಟ್‌ಟ್ಯಾಗ್ ಮೆಥಡ್ ಯಾವಾಗ ಓಡುತ್ತದೆ ಎಂದು ವಿವರಿಸಿದ್ದೂ ಚೆನ್ನಾಗಿದೆ. ಆದರೆ ನಿಮ್ಮ ಬಿಲ್ ಟ್ಯಾಗ್‌ನಲ್ಲಿ ದೋಷ ಬಂದಾಗ ಓಡುವ ಕ್ಯಾಚ್ ಬ್ಲಾಕ್ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಅಲ್ಲಿರುವುದು ಎರಡೇ ಸಾಲು.

ಮೊದಲ ಸಾಲಿನಲ್ಲಿ ಲಾಗ್‌ಗೆ ‘ಬಿಲ್ ಟ್ಯಾಗ್‌ನಲ್ಲಿ ದೋಷ’ ಅಂತ ಬರೆದು, ಪ್ಲಸ್ ಹಾಕಿ ಎಕ್ಸೆಪ್ಶನ್ ಅಂಟಿಸಿದ್ದೀರಿ. ಪ್ಲಸ್ ಹಾಕಿದರೆ ಅದು ಬರೀ ಅಕ್ಷರ ಆಗಿಬಿಡುತ್ತದೆ. ಎಕ್ಸೆಪ್ಶನ್‌ನ ಹೆಸರು, ಸಂದೇಶ ಉಳಿಯುತ್ತದೆ, ಅಷ್ಟೇ. ಯಾವ ಫೈಲು, ಎಷ್ಟನೇ ಸಾಲು ಅಂತ ಹೇಳುವ ಸ್ಟ್ಯಾಕ್ ಟ್ರೇಸ್ ಹೋಯಿತು. ಲಾಗ್ ಬರೆಯುವ ಲೈಬ್ರರಿ ಲಾಗ್‌ಫೋರ್‌ಜೆಯಲ್ಲಿ ಪ್ಲಸ್ ತೆಗೆದು ಕಾಮಾ ಹಾಕಿದರೆ ಸಾಕು, ಪೂರ್ತಿ ಟ್ರೇಸ್ ಬರುತ್ತದೆ. ಒಂದೇ ಚಿಹ್ನೆಯ ವಿಷಯ, ಅಲ್ವಾ?

ಎರಡನೇ ಸಾಲು ಇನ್ನೂ ಕೆಟ್ಟದ್ದು. ಗೆಟ್‌ಮೆಸೇಜ್ ಕೊಟ್ಟದ್ದನ್ನು, ಅಂದರೆ ಎಕ್ಸೆಪ್ಶನ್‌ನ ಸಂದೇಶವನ್ನು ಮಾತ್ರ ಹಾಕಿ ಹೊಸ ಜೆಎಸ್‌ಪಿಎಕ್ಸೆಪ್ಶನ್ ಎಸೆದಿದ್ದೀರಿ. ಮೂಲ ಎಕ್ಸೆಪ್ಶನ್ ಅಲ್ಲಿಗೆ ಮುಗಿಯಿತು. ಜಾವಾ 8ರಲ್ಲಿ ನಲ್‌ಪಾಯಿಂಟರ್ (ಇಲ್ಲದ ವಸ್ತುವನ್ನು ಬಳಸಲು ಹೋದಾಗ ಬರುವ ಎಕ್ಸೆಪ್ಶನ್) ಬಂದರೆ ಗೆಟ್‌ಮೆಸೇಜ್ ಕೊಡುವುದೂ ನಲ್ಲೇ, ಅಂದರೆ ಏನೂ ಇಲ್ಲ. ಸಂದೇಶದ ಜೊತೆಗೆ ಮೂಲ ಎಕ್ಸೆಪ್ಶನ್ನನ್ನೂ ಕೊಡಿ. ಜೆಎಸ್‌ಪಿಎಕ್ಸೆಪ್ಶನ್ ಎರಡನ್ನೂ ತೆಗೆದುಕೊಳ್ಳುತ್ತದೆ. ಆಗ ಟ್ರೇಸ್‌ನಲ್ಲಿ ‘ಕಾಸ್ಡ್ ಬೈ’ ಅಂತ ನಿಜವಾದ ಕಾರಣ ಕಾಣಿಸುತ್ತದೆ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಜೆಎಸ್‌ಪಿ ಓಡಿಸುವ ಸರ್ವರ್ ಟಾಮ್‌ಕ್ಯಾಟ್‌ನ ಲಾಗ್, ಕೆಟಲಿನಾ ಡಾಟ್ ಔಟ್ ಫೈಲಿಗೆ ಟೇಲ್ (ಹೊಸ ಸಾಲು ಬಂದಂತೆ ತೋರಿಸುವ ಕಮಾಂಡ್) ಹಾಕಿ ಕೂತಿದ್ದೆ. ಪರದೆಯ ಮೇಲೆ ನಲ್, ನಲ್, ನಲ್. ಬೇರೇನೂ ಇಲ್ಲ. ನಲವತ್ತು ಟ್ಯಾಗ್ ಕ್ಲಾಸ್‌ಗಳಿದ್ದವು, ಎಲ್ಲದರಲ್ಲೂ ನಿಮ್ಮ ಈ ಎರಡನೇ ಸಾಲೇ ಇತ್ತು. ಒಂದೊಂದಕ್ಕೂ ಪ್ರಿಂಟ್ ಸೇರಿಸುತ್ತ ಹೋದೆ. ಬೆಳಗಿನ ಜಾವ ಸಿಕ್ಕಿತು: ಒಬ್ಬ ಗ್ರಾಹಕರ ವಿಳಾಸದಲ್ಲಿ ಪಿನ್‌ಕೋಡ್ ಇರಲಿಲ್ಲ. ಬೆಳಿಗ್ಗೆ ನಮ್ಮ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಒಂದು ಕಾಮಾ, ಒಂದು ‘ಇ’ (ಕ್ಯಾಚ್‌ನಲ್ಲಿ ಹಿಡಿದ ಎಕ್ಸೆಪ್ಶನ್‌ಗೆ ಇಟ್ಟ ಹೆಸರು) ಸೇರಿಸಿ ಅದೇ ಪುಟವನ್ನು ಮತ್ತೆ ತೆರೆದರು. ಫೈಲಿನ ಹೆಸರು, ಸಾಲಿನ ನಂಬರು ಎರಡೂ ಒಟ್ಟಿಗೆ ಬಂದವು. ಇಡೀ ರಾತ್ರಿ ನಾನು ಹುಡುಕಿದ್ದು ಅದನ್ನೇ.

ನಿಮ್ಮ ಲೇಖನ ಓದಿ ಕಲಿಯುವವರು ಈ ಎರಡು ಸಾಲನ್ನು ಹಾಗೇ ಕಾಪಿ ಮಾಡುತ್ತಾರೆ. ಅದಕ್ಕೇ ಇದನ್ನು ಹೀಗೇ ಪ್ರಕಟಿಸಲಾರೆ. ತಿದ್ದಿ. ಆಮೇಲೆ ಬೇಕೆಂದೇ ಒಂದು ನಲ್ ಕೊಟ್ಟು ಓಡಿಸಿ, ಬಂದ ಟ್ರೇಸನ್ನೂ ಲೇಖನದ ಜೊತೆ ಕಳಿಸಿ. ಕಾಯುತ್ತಿರುತ್ತೇನೆ.